ಅಳಿದ ತಾರೆಯ ಉಳಿದ ಬೆಳಕು : ಸುಬ್ರಹ್ಮಣ್ಯನ್ ಚಂದ್ರಶೇಖರರ ಜೀವನ

ಶಾಲಿವಾಹನ ಶಕ 976ನೆಯ ಜಯ ಸಂವತ್ಸರ, ಎಂದರೆ ಕ್ರಿ.ಶ. 1054, ಕರ್ಣಾಟಕದ ಇತಿಹಾಸದಲ್ಲಿ ಕೊಪ್ಪಂ ಯುದ್ಧದ ವರ್ಷವೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನ ಸೈನ್ಯದೊಡನೆ ಕಾದಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ತಲಕಾಡು ಆಗ ರಾಜರಾಜಪುರವೆಂಬ ಹೆಸರನ್ನು ಹೊತ್ತು ಚೋಳರ ಕೈಯಲ್ಲಿದ್ದಿತು. ಅದೇ ವರ್ಷದ ಜುಲೈ 4ರ ನಸುಕಿನಲ್ಲಿ ಚೀನಾದೇಶದ ಆಸ್ಥಾನ ಜ್ಯೋತಿಷಿಗಳು ವೃಷಭ ರಾಶಿಯ ಕೋಡಿನ ತುದಿಯ ಬಳಿ ಹೊಸತೊಂದು ನಕ್ಷತ್ರವನ್ನು ಕಂಡು ಬರೆದಿಟ್ಟರು. ಇಪ್ಪತ್ತಮೂರು ದಿನ ಅದು ಹಗಲಿನಲ್ಲಿಯೇ ಕಾಣುತ್ತಿದ್ದಿತು. ರಾತ್ರಿಯ ಆಕಾಶದಲ್ಲಿ ಎರಡು ವರ್ಷಕ್ಕೆ ಸ್ವಲ್ಪ ಕಡಮೆ ಕಾಲ ಬೆಳಗಿ, ಕ್ರಮೇಣ ಮಂಕಾಗಿ, ಕಣ್ಣಿಗೆ ಮರೆಯಾಯಿತು. ಕಪಿಲಾ ಕಾವೇರಿಗಳ ನಡುವಣ ನಾಡಿನ ಮೇಲೆಯೂ, ಮುಂಗಾರಿನ ಮೋಡಗಳಾಚೆ, ಆ ತಾರೆ ಅಷ್ಟೂ ದಿನ ಉದಯಿಸಿ ಅಸ್ತಮಿಸಿತು.

ಮರೆಯಾದುದು ಇಲ್ಲವಾಗಿರಲಿಲ್ಲ. 1731ರಲ್ಲಿ ಇಂಗ್ಲೆಂಡಿನ ಬೆವಿಸ್ ಎಂಬ ವೈದ್ಯನು ಅದೇ ಎಡೆಯಲ್ಲಿ ದೂರದರ್ಶಕದ ಮೂಲಕ ಮಸುಕಾದ ಬೆಳಕಿನ ತೇಪೆಯೊಂದನ್ನು ಕಂಡನು. 1758ರಲ್ಲಿ ಧೂಮಕೇತುವನ್ನರಸುತ್ತಿದ್ದ ಫ್ರಾನ್ಸಿನ ಮೆಸಿಯೇ ಎಂಬವನೂ ಅದನ್ನು ಕಂಡು, ಧೂಮಕೇತುವೆಂದು ಇನ್ನಾರೂ ಭ್ರಮಿಸದಿರಲೆಂದು ಪಟ್ಟಿಯೊಂದನ್ನು ತೊಡಗಿ, ಅದರಲ್ಲಿ ಇದಕ್ಕೆ ಮೊದಲನೆಯ ಸ್ಥಾನವಿತ್ತನು. ಮುಂದೆ ಐರ್ಲೆಂಡಿನ ರಾಸ್ ಪ್ರಭುವು ಬಿಡಿಸಿದ ಚಿತ್ರದಲ್ಲಿ ಅದು ಏಡಿಯಂತೆ ತೋರಿದುದರಿಂದ ಏಡಿ ನೀಹಾರಿಕೆಯೆಂಬ ಹೆಸರು ನಿಂತಿತು. ಅದು ಭೂಮಿಯಿಂದ ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿದ್ದು, ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್ ವೇಗದಿಂದ ಹರಡುತ್ತಿದೆ. ಹರಡುವಿಕೆಯನ್ನು ಹಿಂದುಹಿಂದಕ್ಕೆ ಲೆಕ್ಕಹಾಕಿದ ಅಮೆರಿಕದ ಹಬಲ್ ಅದು ಹೊರಟ ಕಾಲ ಒಂಬೈನೂರು ವರ್ಷಗಳಷ್ಟು ಹಿಂದಿನದೆಂದು 1928ರಲ್ಲಿ ತಿಳಿಸಿ, ಚೀನೀಯರ ನಕ್ಷತ್ರಕ್ಕೂ ಈ ನೀಹಾರಿಕೆಗೂ ಗಂಟುಹಾಕಿದನು. ಸಿಡಿದುಹೋದ ನಕ್ಷತ್ರದ ಅವಶೇಷವು ಹೀಗೆ ಗುರುತು ಹಿಡಿಯಲ್ಪಟ್ಟಿತು. ಆದರೆ ಕೋಟ್ಯಂತರ ವರ್ಷ ನೆಮ್ಮದಿಯಿಂದ ಉರಿದ ನಕ್ಷತ್ರವು ಒಂದು ದಿನ ಏಕೆ ಸಿಡಿಯಬೇಕು? ಕೆಲವು ನಕ್ಷತ್ರಗಳು ಸಿಡಿಯದೆ ತಣ್ಣಗೆ ಆರಿಹೋಗುವುದೂ ಉಂಟಲ್ಲ, ಆ ಎರಡರ ನಡುವಣ ಗೆರೆ ಎಲ್ಲಿ? ಈ ಗೆರೆಯನ್ನು ಮೊದಲು ಎಳೆದವರಲ್ಲಿ ಅಗ್ರಗಣ್ಯರು ಹತ್ತೊಂಬತ್ತು ವರ್ಷ ವಯಸ್ಸಿನ ಒಬ್ಬ ಭಾರತೀಯ ವಿದ್ಯಾರ್ಥಿ. ಅವರೇ ಸುಬ್ರಹ್ಮಣ್ಯನ್ ಚಂದ್ರಶೇಖರರು.

ಚಂದ್ರಶೇಖರರು 1910ನೆಯ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಜನಿಸಿದರು. ತಂದೆ ಸಿ. ಸುಬ್ರಹ್ಮಣ್ಯ ಅಯ್ಯರ್ ರೈಲ್ವೆಯ ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಅಧಿಕಾರಿಗಳು, ಸರ್ ಸಿ. ವಿ. ರಾಮನ್ನರ ಅಣ್ಣಂದಿರು. ತಾಯಿ ಸೀತಾಲಕ್ಷ್ಮಮ್ಮನವರು ಹತ್ತು ಮಕ್ಕಳ ಸಂಸಾರವನ್ನು ತೂಗಿಸುತ್ತಲೇ ನಾರ್ವೆಯ ನಾಟಕಕಾರ ಇಬ್ಸೆನ್ನನ ಒಂದು ನಾಟಕವನ್ನು ತಮಿಳಿಗೆ ತಂದ ವಿದ್ಯಾವತಿ. ಹುಡುಗನಿಗೆ ಹನ್ನೊಂದು ಹನ್ನೆರಡು ವರ್ಷವಾಗುವವರೆಗೂ ಮನೆಯೇ ಪಾಠಶಾಲೆ. ಲೆಕ್ಕ, ಇಂಗ್ಲಿಷ್ ತಂದೆಯವರಿಂದ, ತಾಯ್ನುಡಿ ತಾಯಿಯಿಂದ. ತರುವಾಯ ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಪ್ರೌಢಶಾಲೆ, ಅಲ್ಲಿಂದ 1925ರಲ್ಲಿ ಪ್ರೆಸಿಡೆನ್ಸಿ ಕಾಲೇಜು. ತಂದೆಯವರಿಗೆ ಮಗನು ಐ.ಸಿ.ಎಸ್. ಆಗಲೆಂಬ ಆಸೆ, ತಾಯಿ ಮಾತ್ರ ಮಗನ ಮನಸ್ಸು ಎಳೆದತ್ತ ಹೋಗಲೆಂದು ಅವನ ಪಕ್ಷವಹಿಸಿದರು.

1928ನೆಯ ವರ್ಷ ಈ ಮನೆತನಕ್ಕೆ ಶುಭವರ್ಷ. ಫೆಬ್ರುವರಿಯಲ್ಲಿ ಕಲ್ಕತ್ತೆಯಲ್ಲಿ ಚಿಕ್ಕಪ್ಪ ರಾಮನ್ನರು ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. ಅದೇ ವರ್ಷ ಜರ್ಮನಿಯ ಸಾಮರ್ಫೆಲ್ಡ್ ಮದರಾಸಿಗೆ ಬಂದರು. ಅವರ ಗ್ರಂಥವನ್ನು ಓದಿ ಅರಗಿಸಿಕೊಂಡಿದ್ದ ಚಂದ್ರಶೇಖರರು ಹೋಟೆಲಿಗೇ ಹೋಗಿ ಅವರನ್ನು ಕಂಡರು. ಆ ಗ್ರಂಥವು ಅಷ್ಟರಲ್ಲೇ ಹಳೆಯದಾಗಿದೆ, ಪದಾರ್ಥದ ಕಣಗಳ ವಿಚಾರದಲ್ಲಿ ಹೊಸ ಶಾಸ್ತ್ರವೇ ಹುಟ್ಟಿದೆ ಎಂಬುದನ್ನು ತಿಳಿದು ಹುಡುಗನಿಗೆ ಎದೆಗುಂದಿತು. ಸಾಮರ್ಫೆಲ್ಡರು ತಮ್ಮಲ್ಲಿದ್ದ ಅಚ್ಚಿನ ಕರಡೊಂದನ್ನು ಅವನ ಕೈಗಿತ್ತರು. ಕೆಲವೇ ತಿಂಗಳಲ್ಲಿ ಆ ಹೊಸ ಶಾಸ್ತ್ರವನ್ನು ಬಳಸಿ ಅವನು ಬರೆದ ಪ್ರಬಂಧ 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ವಿದ್ವಾಂಸನೊಬ್ಬನು ಅರ್ಧ ಗಂಟೆಯ ಕಾಲ ಬಾಲಕನೊಬ್ಬನನ್ನು ಸಮಾನನೆಂದು ಭಾವಿಸಿ ಮಾತನಾಡಿದುದರ ಫಲವೆಷ್ಟೆಂಬುದನ್ನು ಉಪಾಧ್ಯಾಯರಾದವರು ಗಮನಿಸಬಹುದು.

ಪದವಿ ಮುಗಿದೊಡನೆ ಭಾರತ ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಆದರೆ ತಾಯಿ ಹಾಸಿಗೆ ಹಿಡಿದಿದ್ದರು. ಹೋಗುವುದೋ ನಿಲ್ಲುವುದೋ ಎಂದು ತೊಳಲುತ್ತಿದ್ದ ಮಗನನ್ನು ಹೊರಡಿಸಿದವರು ಆ ತಾಯಿಯೇ. 1930ರ ಜುಲೈ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಚಂದ್ರಶೇಖರರು ತಾಯಿಯನ್ನು ಮತ್ತೆ ಕಾಣಲಿಲ್ಲ; 1931ರ ಮೇ ತಿಂಗಳಲ್ಲಿ ಆಕೆ ತೀರಿಕೊಂಡ ವಾರ್ತೆ ಕೇಂಬ್ರಿಜಿಗೆ ತಂತಿಯ ಮೂಲಕ ಬಂದಿತು.

ಆ ಸಮುದ್ರಯಾನದಲ್ಲಿಯೇ ಮಹತ್ತಾದುದು ನಡೆಯಿತು. ಅದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ನಕ್ಷತ್ರವೆಂಬುದು ಎರಡು ಬಲಗಳ ಸಮತೂಕ. ತನ್ನ ಭಾರವೇ ಅದನ್ನು ಒಳಕ್ಕೆ ಕುಗ್ಗಿಸುತ್ತಿರುತ್ತದೆ. ಒಡಲಿನ ಬೇಗೆ ಹೊರಕ್ಕೆ ಉಬ್ಬಿಸುತ್ತಿರುತ್ತದೆ. ಉರುವಲು ತೀರಿದ ಮೇಲೆ ಭಾರಕ್ಕೆ ಎದುರಿಲ್ಲದೆ ನಕ್ಷತ್ರ ಕುಗ್ಗಲೇಬೇಕು. ಲುಬ್ಧಕ ನಕ್ಷತ್ರಕ್ಕೆ ಜೊತೆಗಾರನೊಂದುಂಟು. ಅದರ ತೂಕ ಸೂರ್ಯನಷ್ಟು, ಗಾತ್ರ ಭೂಮಿಯಷ್ಟು. ಇಂಥವುಗಳಿಗೆ ಶ್ವೇತಕುಬ್ಜಗಳೆಂದು ಹೆಸರು. ಇವು ಇನ್ನೂ ಕುಗ್ಗದೆ ನಿಂತಿರುವುದು ಹೇಗೆಂಬುದನ್ನು 1926ರಲ್ಲಿ ಕೇಂಬ್ರಿಜಿನ ಆರ್. ಎಚ್. ಫೌಲರ್ ವಿವರಿಸಿದ್ದರು. ಎಲೆಕ್ಟ್ರಾನುಗಳು ಒಂದರ ಎಡೆಯಲ್ಲಿ ಇನ್ನೊಂದು ಸೇರಲೊಲ್ಲವು. ಒತ್ತಿದಷ್ಟೂ ಅವು ವೇಗವಾಗಿ ಚಲಿಸುತ್ತ ಎದುರೊತ್ತುತ್ತವೆ. ಕೊಪ್ಪರಿಗೆ ತಣ್ಣಗಾದರೂ ಈ ಒತ್ತಡ ಆರುವುದಿಲ್ಲ. ಹೀಗಾಗಿ ನಕ್ಷತ್ರಗಳೆಲ್ಲ ಕೊನೆಗೆ ಶ್ವೇತಕುಬ್ಜಗಳಾಗಿ ವಿಶ್ರಾಂತಿ ಪಡೆಯುತ್ತವೆಂದು ಪಂಡಿತರು ನಿಶ್ಚಿಂತರಾಗಿದ್ದರು.

ಹಡಗಿನ ಮೇಲೆ ಕುಳಿತಿದ್ದ ಯುವಕನಿಗೆ ಒಂದು ಸಂದೇಹ ಬಂದಿತು. ಅಷ್ಟು ಒತ್ತಡದಲ್ಲಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗಕ್ಕೆ ಸಮೀಪವಾಗುವುದಲ್ಲವೆ? ಹಾಗಾದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಲೆಕ್ಕಕ್ಕೆ ತರಬೇಡವೆ? ತಂದು ನೋಡಿದಾಗ ಉತ್ತರ ವಿಲಕ್ಷಣವಾಗಿದ್ದಿತು. ತೂಕ ಹೆಚ್ಚಿದಂತೆ ಎದುರೊತ್ತುವ ಬಲ ಅದಕ್ಕೆ ಸಮನಾಗಿ ಹೆಚ್ಚುವುದಿಲ್ಲ. ಒಂದು ಮಿತಿಯನ್ನು ಮೀರಿದ ನಕ್ಷತ್ರಕ್ಕೆ ಶ್ವೇತಕುಬ್ಜವಾಗಿ ನಿಲ್ಲುವ ಯೋಗವೇ ಇಲ್ಲ. ಇಂದು ಒಪ್ಪಿರುವ ಲೆಕ್ಕದಂತೆ ಆ ಮಿತಿ ಸೂರ್ಯನ ತೂಕದ 1.4ರಷ್ಟು. ಚಂದ್ರಶೇಖರ್ ಮಿತಿಯೆಂದು ಜಗತ್ತು ಕರೆಯುವುದು ಇದನ್ನೇ. ಹತ್ತಿರದ ಅಂಕಗಳನ್ನು ಬೇರೆ ದಾರಿಗಳಿಂದ ಪಡೆದ ಒಬ್ಬಿಬ್ಬರು ಆ ಕಾಲದಲ್ಲಿ ಇದ್ದರೆಂಬುದೂ ನಿಜ. ಆದರೆ ಶ್ವೇತಕುಬ್ಜದ ಒಡಲನ್ನು ಪದರಪದರವಾಗಿ ಲೆಕ್ಕಹಾಕಿ ಮಿತಿಯನ್ನು ಅಲುಗದಂತೆ ನೆಲೆಗೊಳಿಸಿದವರು ಚಂದ್ರಶೇಖರರು. ಆ ವಿಷಯದ ಚಿಕ್ಕ ಪ್ರಬಂಧ 1931ರಲ್ಲಿ ಅಮೆರಿಕದ ಖಭೌತ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿ ಅವರು 1933ರಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಫೆಲೋ ಆದರು. ಖಗೋಳ ವಿಜ್ಞಾನದಲ್ಲಿ ಅಂದಿನ ಸಾರ್ವಭೌಮರೆಂದರೆ ಸರ್ ಆರ್ಥರ್ ಎಡಿಂಗ್ಟನ್. ಅವರಿಗೆ ಈ ತರುಣನಲ್ಲಿ ವಾತ್ಸಲ್ಯವಿದ್ದಿತು. ಆಗಾಗ ಕೊಠಡಿಗೆ ಬಂದು ಕೆಲಸ ಎಲ್ಲಿಯವರೆಗೆ ಬಂದಿತೆಂದು ವಿಚಾರಿಸುತ್ತಿದ್ದರು. ಗುಣಾಕಾರ ಮಾಡುವ ಯಂತ್ರವೊಂದನ್ನೂ ಒದಗಿಸಿಕೊಟ್ಟಿದ್ದರು. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಚಂದ್ರಶೇಖರರು ತಮ್ಮ ಲೆಕ್ಕದ ಫಲಿತಾಂಶವನ್ನು ಮಂಡಿಸಿದರು. ಮರುಕ್ಷಣದಲ್ಲಿಯೇ ಎಡಿಂಗ್ಟನ್ ಎದ್ದು, ಆ ಲೆಕ್ಕಕ್ಕೆ ಬುನಾದಿಯೇ ಇಲ್ಲವೆಂದೂ, ನಕ್ಷತ್ರವು ಕುಗ್ಗುತ್ತ ಕುಗ್ಗುತ್ತ ಬೆಳಕೂ ಹೊರಬಾರದಷ್ಟು ಕಿರಿದಾಗುವುದೆಂಬುದು ಹಾಸ್ಯಾಸ್ಪದವೆಂದೂ, ಪ್ರಕೃತಿಯಲ್ಲಿ ಅದನ್ನು ತಡೆಯುವ ನಿಯಮವೊಂದು ಇದ್ದೇ ಇರಬೇಕೆಂದೂ ವಾದಿಸಿದರು. ಸಭೆ ನಕ್ಕಿತು. ತರುಣನಿಗೆ ಉತ್ತರ ಹೇಳಲು ಅವಕಾಶವಾಗಲಿಲ್ಲ. ಅದೇ ವರ್ಷ ಪ್ಯಾರಿಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿಯೂ ಇದೇ ಪುನರಾವೃತ್ತಿಯಾಯಿತು.

ಬೋರ್, ಪೌಲಿ ಮೊದಲಾದ ಭೌತಶಾಸ್ತ್ರದ ಮಹಾಪುರುಷರು ಎಡಿಂಗ್ಟನ್ನರ ವಾದ ಸುಳ್ಳೆಂದು ಬಲ್ಲವರಾಗಿದ್ದರು. ಖಾಸಗಿಯಾಗಿ ಹಾಗೆಂದು ತಿಳಿಸಿಯೂ ಇದ್ದರು. ಬಹಿರಂಗವಾಗಿ ಬಾಯಿಬಿಟ್ಟವರಿಲ್ಲ. ಎಡಿಂಗ್ಟನ್ನರ ಹಠಕ್ಕಿಂತ ಈ ಮೌನವೇ ಹೆಚ್ಚು ಹಾನಿಮಾಡಿತೆಂದು ತೋರುತ್ತದೆ. ಹಠವಾದರೋ ತಾವು ನಂಬಿದ್ದನ್ನು ನಂಬಿದ ಒಬ್ಬ ಮನುಷ್ಯನದು. ಮೌನವು ನಿಜವನ್ನು ಬಲ್ಲವರದು. ಮಿತಿಯನ್ನು ಮೀರಿದ ನಕ್ಷತ್ರದ ಗತಿಯೇನೆಂಬ ಪ್ರಶ್ನೆಯನ್ನು ಅನೇಕರು ಮುಟ್ಟದೆಯೇ ಎರಡು ಮೂರು ದಶಕಗಳು ಉರುಳಿದವು. ಚಂದ್ರಶೇಖರರು ಜಗಳ ಬೆಳೆಸಲಿಲ್ಲ. ತಾವು ಕಂಡುದೆಲ್ಲವನ್ನೂ 1939ರಲ್ಲಿ ನಕ್ಷತ್ರಗಳ ರಚನೆಯನ್ನು ಕುರಿತ ಗ್ರಂಥದಲ್ಲಿ ಕ್ರಮವಾಗಿ ಬರೆದು ಮುಗಿಸಿ, ಆ ವಿಷಯವನ್ನು ಕಟ್ಟಿಟ್ಟು, ಬೇರೊಂದಕ್ಕೆ ಕೈಹಾಕಿದರು. ಎಡಿಂಗ್ಟನ್ನರೊಡನೆ ಪತ್ರವ್ಯವಹಾರ ಕೊನೆಯವರೆಗೂ ಸ್ನೇಹದಿಂದಲೇ ನಡೆಯಿತು. 1982ರಲ್ಲಿ ಎಡಿಂಗ್ಟನ್ನರ ಜನ್ಮಶತಾಬ್ದಿಯ ಉಪನ್ಯಾಸಗಳನ್ನು ಕೇಂಬ್ರಿಜಿನಲ್ಲಿ ಮಾಡಿದವರೂ ಇವರೇ. ಗತಿಸಿದ ಹಿರಿಯರ ದೊಡ್ಡತನವನ್ನು ಆಗ ಅವರು ಕುಂದಿಲ್ಲದೆ ಎತ್ತಿ ಹೇಳಿದರು.

1936ರಲ್ಲಿ ಚಂದ್ರಶೇಖರರು ಸ್ವದೇಶಕ್ಕೆ ಬಂದು ಲಲಿತಾ ದೊರೈಸ್ವಾಮಿಯವರನ್ನು ವಿವಾಹವಾದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಒಡನೆ ಭೌತಶಾಸ್ತ್ರ ಕಲಿತವರು ಆಕೆ. ವಿವಾಹಕ್ಕೆ ಮುನ್ನ ಬೆಂಗಳೂರಿನಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದರು. ಮರುವರ್ಷದ ಜನವರಿಯಲ್ಲಿ ದಂಪತಿಗಳು ಅಮೆರಿಕಕ್ಕೆ ಹೋಗಿ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಸೇರಿದ ಯರ್ಕಿಸ್ ವೀಕ್ಷಣಾಲಯದಲ್ಲಿ ನೆಲಸಿದರು. ಕಪ್ಪು ಮೈಬಣ್ಣದವರು ತರಗತಿಯಲ್ಲಿ ಪಾಠ ಹೇಳಬಾರದೆಂದು ಅಲ್ಲಿನ ಹಿರಿಯ ಅಧಿಕಾರಿಯೊಬ್ಬರು ಅಡ್ಡಿಮಾಡಿದುದುಂಟು. ವಿಶ್ವವಿದ್ಯಾನಿಲಯದ ಅಧ್ಯಕ್ಷ ಹಚಿನ್ಸರು ಆ ಅಡ್ಡಿಯನ್ನು ತಳ್ಳಿಹಾಕಿದರು. ಚಂದ್ರಶೇಖರರು ಜೀವಮಾನದ ಉಳಿದ ಐವತ್ತೆಂಟು ವರ್ಷಗಳನ್ನು ಅದೇ ವಿಶ್ವವಿದ್ಯಾನಿಲಯದಲ್ಲಿ ಕಳೆದರು. ಕೊನೆಯವರೆಗೂ ಶಾಕಾಹಾರಿಗಳು.

ಅವರ ಅಧ್ಯಯನಕ್ರಮ ಗುರುಕುಲದ ಹಳೆಯ ಪದ್ಧತಿಯನ್ನು ನೆನಪಿಗೆ ತರುವಂತಹುದು. ಒಂದು ವಿಷಯವನ್ನು ಹಿಡಿದರೆ ಐದಾರು ವರ್ಷ, ಹತ್ತು ವರ್ಷ ಅದರಲ್ಲಿಯೇ ಮುಳುಗುವುದು. ಅದರ ಸಾರವನ್ನೆಲ್ಲ ಒಂದು ಮಹಾಗ್ರಂಥವಾಗಿ ಬರೆಯುವುದು. ಬಳಿಕ ಅದನ್ನು ಬಿಟ್ಟು ಎಳೆಯ ವಿದ್ಯಾರ್ಥಿಯಂತೆ ಮತ್ತೊಂದರ ಮೊದಲ ಪಾಠಕ್ಕೆ ಕೂರುವುದು. ನಕ್ಷತ್ರಗುಂಪುಗಳ ಚಲನೆ, ವಿಕಿರಣದ ಹಾದಿ, ದ್ರವಗಳ ಸ್ಥಿರತೆ, ತಿರುಗುವ ಗೋಳಗಳ ಆಕಾರ, ಕಪ್ಪುಕುಳಿಗಳು, ಹೀಗೆ ಒಂದೊಂದಕ್ಕೂ ಒಂದೊಂದು ಗ್ರಂಥ. 1952ರಿಂದ 1971ರವರೆಗೆ ಖಭೌತ ಪತ್ರಿಕೆಯ ಸಂಪಾದಕತ್ವದ ಹೊರೆಯೂ ಅವರ ಹೆಗಲಮೇಲಿದ್ದಿತು. ಬೋಧನೆಯನ್ನು ಮಾತ್ರ ಬಿಟ್ಟವರಲ್ಲ. ಯರ್ಕಿಸ್‌ನಿಂದ ನೂರು ಮೈಲಿಗೆ ಹತ್ತಿರದ ಷಿಕಾಗೊವಿಗೆ ವಾರವಾರವೂ ಕಾರಿನಲ್ಲಿ ಹೋಗಿ ಅವರು ನಡೆಸುತ್ತಿದ್ದ ಒಂದು ತರಗತಿಯಲ್ಲಿ ಇಬ್ಬರೇ ವಿದ್ಯಾರ್ಥಿಗಳಿದ್ದರೆಂಬುದು ಪ್ರಸಿದ್ಧ ಸಂಗತಿ. ಆ ಇಬ್ಬರೇ ಲೀ ಮತ್ತು ಯಾಂಗ್. 1957ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಅಧ್ಯಾಪಕರಿಗಾದರೋ ಅದು ಬಂದುದು ಶಿಷ್ಯರಿಗೆ ಬಂದ ಇಪ್ಪತ್ತಾರು ವರ್ಷಗಳ ಮೇಲೆ.

ಇತ್ತ ಆಕಾಶದಲ್ಲಿ ಅವರ ಹಳೆಯ ಲೆಕ್ಕಕ್ಕೆ ಒಂದೊಂದಾಗಿ ಸಾಕ್ಷಿಗಳು ಒದಗತೊಡಗಿದವು. ಸಿಡಿದ ನಕ್ಷತ್ರದ ನಡುವೆ ನ್ಯೂಟ್ರಾನುಗಳೇ ತುಂಬಿದ ಗಟ್ಟಿಯುಂಡೆ ಉಳಿಯಬಹುದೆಂದು ಬಾಡೆ ಮತ್ತು ಜ್ವಿಕಿ ಎಂಬಿಬ್ಬರು 1934ರಲ್ಲಿಯೇ ಊಹಿಸಿದ್ದರು. ಆ ಊಹೆಯನ್ನು ಕೇಳಿದವರು ಕಡಮೆ. 1968ರಲ್ಲಿ ಏಡಿ ನೀಹಾರಿಕೆಯ ಮಧ್ಯದಿಂದ ಸೆಕೆಂಡಿಗೆ ಮೂವತ್ತು ಸಲ ಮಿಡಿಯುವ ರೇಡಿಯೋ ನಾಡಿ ಕೇಳಿಸಿತು. ಇಪ್ಪತ್ತು ಕಿಲೋಮೀಟರ್ ಅಡ್ಡಳತೆಯ, ಸೂರ್ಯನಿಗಿಂತ ಭಾರವಾದ ಒಂದು ಗೋಳ ಸೆಕೆಂಡಿಗೆ ಮೂವತ್ತು ಸುತ್ತು ತಿರುಗುತ್ತಿರುವುದೇ ಅದರ ಕಾರಣ. ಭಾರಿ ನಕ್ಷತ್ರದ ಗರ್ಭದಲ್ಲಿ ಕಬ್ಬಿಣ ತುಂಬುತ್ತ ಬಂದು, ಅದು ಚಂದ್ರಶೇಖರ್ ಮಿತಿಯನ್ನು ದಾಟಿದೊಡನೆ ಒಳಗೊಳಗೇ ಕುಸಿಯುತ್ತದೆ. ಕುಸಿತದ ರಭಸಕ್ಕೆ ಹೊರಪದರಗಳೆಲ್ಲ ಸಿಡಿದು ಹಾರುತ್ತವೆ. ಉಂಡೆಯು ಒಳಗೆ ಉಳಿಯುತ್ತದೆ, ಹಾರಿದುದು ಹೊಳೆಯುವ ನೀಹಾರಿಕೆಯಾಗುತ್ತದೆ. ಇನ್ನೊಂದು ಬಗೆಯೂ ಉಂಟು. ಜೋಡಿನಕ್ಷತ್ರಗಳಲ್ಲಿ ಶ್ವೇತಕುಬ್ಜವು ಸಂಗಾತಿಯಿಂದ ಪದಾರ್ಥವನ್ನು ಹೀರಿ ಹೀರಿ ಮಿತಿಯ ಸಮೀಪಕ್ಕೆ ಬಂದಾಗ ಏನೂ ಉಳಿಯದಂತೆ ಒಮ್ಮೆಲೇ ಸ್ಫೋಟಿಸಬಹುದು. 1572ರಲ್ಲಿ ಟೈಕೊ ಬ್ರಾಹೆ ಕಂಡ ನಕ್ಷತ್ರವೂ 1604ರಲ್ಲಿ ಕೆಪ್ಲರ್ ಕಂಡುದೂ ಶ್ವೇತಕುಬ್ಜಗಳ ಇಂತಹ ಸ್ಫೋಟಗಳೆಂದು ಅವುಗಳ ಅವಶೇಷಗಳನ್ನು ಪರೀಕ್ಷಿಸಿದವರು ತಿಳಿಯುತ್ತಾರೆ.

ಈ ಕಥೆಯಲ್ಲಿ ಕನ್ನಡ ನಾಡಿಗೂ ಪಾಲುಂಟು. ರಾಮನ್ನರ ಪುತ್ರರೂ, ಸಂಬಂಧದಲ್ಲಿ ಚಂದ್ರಶೇಖರರಿಗೆ ತಮ್ಮಂದಿರೂ ಆದ ವಿ. ರಾಧಾಕೃಷ್ಣನ್ನರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ದಕ್ಷಿಣಾಕಾಶದ ನೌಕಾಪಟ ಪುಂಜದಲ್ಲಿ, ಸುಮಾರು ಹನ್ನೊಂದು ಸಾವಿರ ವರ್ಷಗಳ ಹಿಂದೆ ಸಿಡಿದ ನಕ್ಷತ್ರದ ಅವಶೇಷದ ನಡುವೆ, ಸೆಕೆಂಡಿಗೆ ಹನ್ನೊಂದು ಸಲ ಮಿಡಿಯುವ ಗೋಳವೊಂದಿದೆ. ನಿಧಾನವಾಗಿ ವೇಗ ತಗ್ಗುತ್ತಿದ್ದ ಆ ಗೋಳವು ಹಠಾತ್ತಾಗಿ ಚುರುಕಾದುದನ್ನು 1969ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಿಂದ ರಾಧಾಕೃಷ್ಣನ್ನರೂ ಮ್ಯಾಂಚೆಸ್ಟರ್ ಎಂಬವರೂ ಗುರುತಿಸಿದರು. ಅಣ್ಣನ ಲೆಕ್ಕದಂತೆ ಕುಸಿದ ವಸ್ತುವಿನ ಒಡಲಿನೊಳಗೆ ತಮ್ಮನು ಹೀಗೆ ಇಣಿಕಿ ನೋಡಿದಂತಾಯಿತು. 1972ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾದ ಅವರು 1994ರವರೆಗೆ ಅದನ್ನು ಬೆಳೆಸಿದರು. ಗೌರಿಬಿದನೂರಿನ ಬಯಲಿನಲ್ಲಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ ಎದ್ದುದು ಆ ಕಾಲದಲ್ಲಿಯೇ. ಸಿಡಿದ ತಾರೆಗಳ ಅವಶೇಷಗಳಿಂದ ಬರುವ ಉದ್ದಲೆಯ ರೇಡಿಯೋ ತರಂಗಗಳನ್ನು ಅಲ್ಲಿ ಅಳೆದರು. 2011ರಲ್ಲಿ ರಾಧಾಕೃಷ್ಣನ್ನರು ಬೆಂಗಳೂರಿನಲ್ಲಿ ತೀರಿಕೊಂಡರು. ಚಂದ್ರಶೇಖರರ ಜೀವನಚರಿತ್ರೆಯನ್ನು 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪ್ರೊಫೆಸರ್ ಕಾಮೇಶ್ವರ ವಾಲಿಯವರೂ ಕನ್ನಡ ನೆಲದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾದವರು.

1983ರ ಅಕ್ಟೋಬರ್ 19, ಚಂದ್ರಶೇಖರರ ಎಪ್ಪತ್ತಮೂರನೆಯ ಹುಟ್ಟುಹಬ್ಬ. ಆ ದಿನವೇ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಪ್ರಕಟಣೆ ಬಂದಿತು. ಜೊತೆಗೆ ಹಂಚಿಕೊಂಡವರು ವಿಲಿಯಂ ಫೌಲರ್. ಗುರುಗಳಾದ ಕೇಂಬ್ರಿಜಿನ ಫೌಲರ್ ಬೇರೆ, ಇವರು ಬೇರೆ. ಧಾತುಗಳು ನಕ್ಷತ್ರದ ಒಡಲಿನಲ್ಲಿ ಬೇಯುವ ಬಗೆಯನ್ನು ತಿಳಿಸಿದವರು ಇವರು. ಹೀಗೆ ಬೆಂದ ಧಾತುಗಳನ್ನು ಜಗತ್ತಿಗೆ ಹಂಚುವ ಕೆಲಸ ಸಿಡಿತದ್ದು. ಆದುದರಿಂದ ಈ ಜೋಡಣೆ ಬಹಳ ಉಚಿತವಾಗಿದ್ದಿತು. ನಾಲ್ಕು ವರ್ಷಗಳ ತರುವಾಯ, 1987ರ ಫೆಬ್ರುವರಿಯಲ್ಲಿ, ನೆರೆಯ ಕಿರುಬ್ರಹ್ಮಾಂಡವೊಂದರಲ್ಲಿ ತಾರೆಯೊಂದು ಬರಿಗಣ್ಣಿಗೆ ಕಾಣುವಂತೆ ಸಿಡಿಯಿತು. ಗರ್ಭ ಕುಸಿದಾಗ ಹೊಮ್ಮಬೇಕಾದ ನ್ಯೂಟ್ರಿನೋ ಕಣಗಳು ಬೆಳಕಿಗಿಂತ ಕೆಲವು ಗಂಟೆ ಮುಂಚೆಯೇ ಭೂಮಿಯನ್ನು ಮುಟ್ಟಿ, ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ನೆಲದಡಿಯ ಯಂತ್ರಗಳಲ್ಲಿ ದಾಖಲಾದವು. ಸಭೆ ನಕ್ಕ ಐವತ್ತೆರಡು ವರ್ಷಗಳ ಮೇಲೆ ನಕ್ಷತ್ರವೊಂದು ಕುಸಿದುದನ್ನು ಮನುಷ್ಯರು ಅರಿತರು. ಅದನ್ನು ತಿಳಿಯಲು ಚಂದ್ರಶೇಖರರು ಇನ್ನೂ ಬದುಕಿದ್ದರು.

ಕೊನೆಯ ವರ್ಷಗಳಲ್ಲಿ ಅವರು ನ್ಯೂಟನ್ನನ ಮಹಾಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದರು. ಪ್ರಮೇಯವನ್ನು ಮೊದಲು ತಾವೇ ಸಾಧಿಸಿ, ಬಳಿಕ ನ್ಯೂಟನ್ನನ ಸಾಧನೆಯೊಡನೆ ಹೋಲಿಸಿ ನೋಡುವುದು ಅವರ ಕ್ರಮ. ಆ ಗ್ರಂಥ 1995ರಲ್ಲಿ ಅಚ್ಚಾಯಿತು. ಅದೇ ವರ್ಷದ ಆಗಸ್ಟ್ 21ರಂದು ಚಂದ್ರಶೇಖರರು ಷಿಕಾಗೊದಲ್ಲಿ ಹೃದಯಾಘಾತದಿಂದ ದಿವಂಗತರಾದರು.

ಕ್ಷ-ಕಿರಣಗಳನ್ನು ಭೂಮಿಯ ವಾಯುಮಂಡಲ ಒಳಗೆ ಬಿಡುವುದಿಲ್ಲ. ಸಿಡಿದ ತಾರೆಯ ಅವಶೇಷವಾದರೋ ಕೋಟಿಗಟ್ಟಲೆ ಡಿಗ್ರಿ ಕಾದು ಮುಖ್ಯವಾಗಿ ಆ ಕಿರಣಗಳಲ್ಲಿಯೇ ಹೊಳೆಯುತ್ತದೆ. ಅದನ್ನು ನೋಡಲೆಂದು ಅಮೆರಿಕದ ನಾಸಾ ಸಂಸ್ಥೆ ಕಟ್ಟಿದ ಆಕಾಶ ದೂರದರ್ಶಕಕ್ಕೆ ಹೆಸರು ಸೂಚಿಸಬೇಕೆಂದು ಸಾರ್ವಜನಿಕರನ್ನು ಕೋರಿದಾಗ ಸಾವಿರಾರು ಜನ ಬರೆದರು. ಗೆದ್ದ ಹೆಸರು ಚಂದ್ರ. ಅದನ್ನು ಸೂಚಿಸಿ ಬಹುಮಾನ ಪಡೆದ ಇಬ್ಬರಲ್ಲಿ ಒಬ್ಬರು ಪ್ರೌಢಶಾಲೆಯ ವಿದ್ಯಾರ್ಥಿ, ಮತ್ತೊಬ್ಬರು ಉಪಾಧ್ಯಾಯಿನಿ. 1999ರ ಜುಲೈ 23ರಂದು ಕೊಲಂಬಿಯ ನೌಕೆ ಅದನ್ನು ಹೊತ್ತು ಏರಿತು. ವೃದ್ಧೆ ಲಲಿತಾ ಚಂದ್ರಶೇಖರರು ಅಲ್ಲಿ ನಿಂತು ನೋಡಿದರು. ಮರುತಿಂಗಳು ಬಿಡುಗಡೆಯಾದ ಮೊದಲ ಚಿತ್ರವೇ ಕುಂತೀ ಪುಂಜದಲ್ಲಿ ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿರುವ ಒಂದು ತಾರಾವಶೇಷದ್ದು. ಅದು ಸಿಡಿದ ಬೆಳಕು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಎಂದರೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಸುಮಾರಿಗೆ, ಭೂಮಿಗೆ ತಲಪಿರಬೇಕೆಂದು ಲೆಕ್ಕ. ಹರಿದ ಬಲೆಯಂತೆ ಹರಡಿದ ಗಂಧಕ, ಸಿಲಿಕಾನ್, ಕಬ್ಬಿಣಗಳ ಹೊಳಪಿನ ನಡುವೆ, ಅದುವರೆಗೆ ಯಾವ ದೂರದರ್ಶಕವೂ ತೋರಿಸದಿದ್ದ ಒಂದು ಚುಕ್ಕೆ ಆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಿಸಿತು. ಮಿತಿಯನ್ನು ದಾಟಿ ಕುಸಿದ ಗರ್ಭವೇ ಅದು.

ಲಲಿತಾ ಅವರು 2013ರವರೆಗೆ ಬದುಕಿದ್ದು, ನೂರೆರಡರ ವಯಸ್ಸಿನಲ್ಲಿ ತೀರಿಕೊಂಡರು. ಭಾರತವು ಬೆಂಗಳೂರಿನಲ್ಲಿ ಸಿದ್ಧಪಡಿಸಿ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹವು ತನ್ನ ಕ್ಷ-ಕಿರಣದ ಕಣ್ಣನ್ನು ಮೊದಲು ತಿರುಗಿಸಿದುದು ಏಡಿ ನೀಹಾರಿಕೆಯ ಕಡೆಗೆ. ಮಾಘಮಾಸದ ಇರುಳಿನಲ್ಲಿ ಚಿಕ್ಕಯ್ಯನಛತ್ರದ ಬಯಲಿನಲ್ಲಿ ನಿಂತು, ಕೆಂಪಗೆ ಹೊಳೆಯುವ ರೋಹಿಣಿಯನ್ನು ಗುರುತಿಸಿ, ಅಲ್ಲಿಂದ ವೃಷಭನ ದಕ್ಷಿಣದ ಕೋಡಿನ ತುದಿಯವರೆಗೆ ಕಣ್ಣನ್ನು ನಡೆಸಿದರೆ ಆ ಎಡೆ ಸಿಕ್ಕುತ್ತದೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು; ಶಾಲೆಗಳಲ್ಲಿರುವಂತಹ ಸಾಧಾರಣ ದೂರದರ್ಶಕವಿದ್ದರೆ ಸಾಕು, ಬೆರಳಿನಿಂದ ಒರಸಿದ ವಿಭೂತಿಯಷ್ಟು ಮಸುಕಾಗಿ ಕಾಣುತ್ತದೆ.